ಹೆಬ್ರಿ ಆಚೆಯ ಪೆಟ್ಟಿಗೆಗೆ ಬ್ಯಾಟರಿ ಹಾಕಿದ್ದು

ಉಡುಪಿಯಲ್ಲಿ ಕೂತು ಇಂಟರ್‌ನೆಟ್ ಲೈನ್ ನೋಡಿಕೊಳ್ಳುವವನು ನಾನು. ಪೇಟೆಯ ಕೆಲಸ ಸುಲಭ. ತಲೆಬಿಸಿ ಇರುವುದು ಹೆಬ್ರಿ ದಾಟಿ ಘಟ್ಟದ ಬುಡದಲ್ಲಿ, ಅಡಿಕೆ ತೋಟದ ಮನೆಯೊಂದರ ಪಕ್ಕದ ಕೋಣೆಯಲ್ಲಿ ಇಟ್ಟಿರುವ ಪೆಟ್ಟಿಗೆಯದ್ದು. ಫೈಬರ್ ಲೈನನ್ನು ಮನೆಮನೆಗೆ ಹಂಚುವ ಒಂದು ಓಎಲ್‌ಟಿ, ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್, ಗುಡ್ಡದ ಆಚೆಗೆ ಲಿಂಕ್ ಕೊಡುವ ಒಂದು ರೇಡಿಯೋ. ಅದು ನಿಂತರೆ ಫೋನ್ ಶುರು: "ಹ್ವಾಯ್, ನೆಟ್ ಎಂತ ಆಯ್ತು ಮಾರಾಯ್ರೆ?"

ಮೊದಲು ಹಾಕಿದ್ದು ಮನೆಗೆ ಹಾಕುವಂಥದ್ದೇ ಇನ್ವರ್ಟರ್, ಜೊತೆಗೆ 12 ವೋಲ್ಟ್ 150 ಎಎಚ್ (ಆಂಪ್-ಅವರ್) ಟ್ಯೂಬ್ಯುಲರ್ ಲೆಡ್ ಬ್ಯಾಟರಿ. 12 ಗುಣಿಸು 150, ಅಂದರೆ 1,800 ವ್ಯಾಟ್-ಅವರ್. ಲೋಡ್ 65 ವ್ಯಾಟ್. ಹಾಗಾದರೆ 27 ಗಂಟೆ ಅಲ್ವಾ? ಕಾಗದದಲ್ಲಿ ಚಂದ ಇತ್ತು. ಮಳೆಗಾಲದ ಮೊದಲ ಗಾಳಿಗೆ ಲೈನ್ ಮೇಲೆ ಮರ ಬಿತ್ತು, ಹನ್ನೆರಡು ಗಂಟೆಯೂ ಆಗಿರಲಿಲ್ಲ, ಪೆಟ್ಟಿಗೆ ಮಲಗಿತು.

ಬ್ಯಾಟರಿಯ ವಯರಿಗೆ ಕ್ಲಾಂಪ್ ಮೀಟರ್ ಹಿಡಿದು ನೋಡಿದೆ. 8 ಆಂಪ್ಸ್, ಅಂದರೆ 96 ವ್ಯಾಟ್. ಮೂವತ್ತು ವ್ಯಾಟ್ ಇನ್ವರ್ಟರೇ ತಿನ್ನುತ್ತಿತ್ತು. ಬ್ಯಾಟರಿಯ ಡಿಸಿಯನ್ನು ಅದು 230 ವೋಲ್ಟ್ ಎಸಿ ಮಾಡುತ್ತದೆ, ಓಎಲ್‌ಟಿ ಅದನ್ನು ತಿರುಗಿ ಡಿಸಿ ಮಾಡಿಕೊಳ್ಳುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಸಾಲದ್ದಕ್ಕೆ ಲೆಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸೂ ಇಳಿಯುತ್ತದೆ.

ಇನ್ನೊಂದು ಬ್ಯಾಟರಿ ಸೇರಿಸಿದೆ. ಆಗ ಗೊತ್ತಾಯಿತು ನಿಜವಾದ ಕಥೆ. ಜುಲೈಯ ಒಂದು ರಾತ್ರಿ ಕರೆಂಟ್ ಹೋಯಿತು, ಬೆಳಿಗ್ಗೆ ಬಂತು, ಎರಡು ಗಂಟೆ ಇದ್ದು ಪುನಃ ಹೋಯಿತು. ಎರಡನೇ ಸಲ ಬ್ಯಾಟರಿ ಮೂರು ಗಂಟೆಯೂ ಎಳೆಯಲಿಲ್ಲ. ಲೆಡ್ ಬ್ಯಾಟರಿ ಕೊನೆಯ ಪಾಲು ತುಂಬಿಸಿಕೊಳ್ಳುವುದು ಬಹಳ ನಿಧಾನ. ಖಾಲಿಯಾದದ್ದು ಪೂರ್ತಿ ತುಂಬಲು ಹತ್ತು ಗಂಟೆ ಆರಾಮವಾಗಿ ಬೇಕು. ಆ ಊರಿನಲ್ಲಿ ಜುಲೈಯಲ್ಲಿ ಬಿಡದೆ ಹತ್ತು ಗಂಟೆ ಕರೆಂಟ್ ಯಾರಿಗೆ ಸಿಗುತ್ತದೆ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತಲೇ ಕೇಳುತ್ತಿದ್ದೆ, ಎಷ್ಟು ಹೊತ್ತಿನಲ್ಲಿ ತುಂಬುತ್ತದೆ ಅಂತ ಯಾವ ಅಂಗಡಿಯಲ್ಲೂ ಕೇಳಿರಲಿಲ್ಲ.

ಸೋಲಾರ್ ಹಾಕಿ ಅಂದವರು ತುಂಬ ಜನ. ಅಡಿಕೆ ಮರದ ನೆರಳು ಬಿಡಿ, ನಮಗೆ ಬೇಕಾದ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಬಿಸಿಲೇ ಇರುವುದಿಲ್ಲ. ಬಿಸಿಲು ಇರುವಾಗ ಕರೆಂಟೂ ಇರುತ್ತದೆ.

ಕೊನೆಗೆ ತಂದದ್ದು 48 ವೋಲ್ಟಿನ 50 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ದುಡ್ಡು ಜಾಸ್ತಿಯೇ ಹೋಯಿತು. ಒಳಗೆ 16 ಸೆಲ್, ಲೆಕ್ಕಕ್ಕೆ 51.2 ವೋಲ್ಟ್, ಅಂದರೆ 2,560 ವ್ಯಾಟ್-ಅವರ್. ಹತ್ತರಲ್ಲಿ ಒಂಬತ್ತು ಪಾಲು ಧೈರ್ಯವಾಗಿ ಬಳಸಬಹುದು. ನಮ್ಮ ಓಎಲ್‌ಟಿಗೆ 48 ವೋಲ್ಟ್ ನೇರ ಕೊಡುವ ಜಾಗ ಹಿಂಬದಿಯಲ್ಲೇ ಇತ್ತು, ಇಷ್ಟು ವರ್ಷ ಸುಮ್ನೆ ಮುಚ್ಚಿಟ್ಟಿದ್ದೆವು. ಇನ್ವರ್ಟರ್ ಮನೆಗೆ ಬಂತು. ಎಲ್ಲ ಸೇರಿ ಲೋಡ್ 70 ವ್ಯಾಟಿನ ಹತ್ತಿರ, ಮೂವತ್ತು ಗಂಟೆ ದಾಟುತ್ತದೆ. 20 ಆಂಪ್ಸಿನ ಚಾರ್ಜರಿನಲ್ಲಿ ಮೂರು ಗಂಟೆಗೆ ತುಂಬುತ್ತದೆ.

ಒಂದು ಕಡೆ ಎಡವಿದೆ. ಟೆಲಿಕಾಂನ 48 ವೋಲ್ಟಿನಲ್ಲಿ ಅರ್ಥ್‌ಗೆ ಹೋಗುವುದು ಪ್ಲಸ್. ರೇಡಿಯೋ ಕಡೆ ಮೈನಸ್. 48 ವೋಲ್ಟನ್ನು ರೇಡಿಯೋಗೆ ಬೇಕಾದ ವೋಲ್ಟೇಜಿಗೆ ಬದಲಿಸಲು ನಾನು ಹಾಕಿದ್ದ ಅಗ್ಗದ ಕನ್ವರ್ಟರಿನಲ್ಲಿ ಎರಡೂ ಕಡೆಯ ಮೈನಸ್ ಒಳಗೇ ಒಂದಾಗಿತ್ತು. ರೇಡಿಯೋದ ಕೇಬಲ್ಲಿನ ಲೋಹದ ತುದಿ ಅರ್ಥ್ ಆಗಿದ್ದ ರ‍್ಯಾಕಿಗೆ ತಾಗಿದ್ದೇ ತಡ, ಟಪ್! ಫ್ಯೂಸ್ ಇತ್ತು, ಬಚಾವ್. ಎರಡು ಕಡೆಯೂ ಒಳಗೆ ಒಂದಕ್ಕೊಂದು ತಾಗದ ಐಸೋಲೇಟೆಡ್ ಕನ್ವರ್ಟರ್ ಹಾಕಿದ ಮೇಲೆ ಸರಿಯಾಯಿತು.

ಮೂವತ್ತು ಗಂಟೆಗೂ ಮೀರಿದರೆ ಅಂತ ಜೀಪಿನಲ್ಲಿ 1 ಕೆವಿಎ ಪೆಟ್ರೋಲ್ ಜನರೇಟರ್ ಇದೆ. ಆದರೆ ಚಾರ್ಜರ್ ಪೂರ್ತಿ ಎಳೆದರೆ ಸಾವಿರ ವ್ಯಾಟ್ ದಾಟುತ್ತದೆ, ಜನರೇಟರ್ ಕೆಮ್ಮಿ ನಿಲ್ಲುತ್ತದೆ. ಆಗ ಚಾರ್ಜರನ್ನು 10 ಆಂಪ್ಸಿಗೆ ಇಳಿಸುತ್ತೇವೆ.

ಮೊದಲು ವೋಲ್ಟೇಜ್ ನೋಡಿ ಬ್ಯಾಟರಿ ಎಷ್ಟು ಉಳಿದಿದೆ ಅಂತ ಹೇಳುತ್ತಿದ್ದೆ. ಲಿಥಿಯಂನಲ್ಲಿ ಅದು ನಡೆಯುವುದಿಲ್ಲ. ಬಹಳ ಹೊತ್ತು ಒಂದೇ ವೋಲ್ಟೇಜಿನ ಆಸುಪಾಸು ಇದ್ದು ಕೊನೆಗೆ ಬಾವಿಗೆ ಬಿದ್ದ ಹಾಗೆ ಇಳಿಯುತ್ತದೆ. ಅದಕ್ಕೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಬಿಎಂಎಸ್‌ನಿಂದಲೇ ಪರ್ಸೆಂಟ್ ತೆಗೆದು ಫೋನಿಗೆ ಬರುವ ಹಾಗೆ ಮಾಡಿದ್ದೇನೆ. ಕರೆಂಟ್ ಹೋದಾಗಲೂ ಒಂದು ಮೆಸೇಜ್ ಬರುತ್ತದೆ.

ಈ ಮೆಸೇಜ್ ಬೇರೊಂದು ಉಪಯೋಗಕ್ಕೂ ಬಂತು. ಸಿಡಿಲಿನಲ್ಲಿ ಎರಡು ಸಲ ಓಎಲ್‌ಟಿಯ ಪವರ್ ಸಪ್ಲೈ ಸುಟ್ಟಿತ್ತು. ಈಗ ಗುಡುಗು ಶುರುವಾದ ಕೂಡಲೇ ಆ ಮನೆಯ ಅಮ್ಮ ಬಂದು ಚಾರ್ಜರಿನ ಪ್ಲಗ್ ಕಿತ್ತಿಡುತ್ತಾರೆ. ಅರ್ಥ್ ವಯರ್ ಪ್ಲಗ್ಗಿಗೆ ಸೇರದೆ ಬೇರೆಯೇ ಇದೆ, ಬ್ಯಾಟರಿ ಇದೆ, ನೆಟ್ ನಡೆಯುತ್ತದೆ. ಮಳೆ ಬಿಟ್ಟ ಮೇಲೆ ವಾಪಸ್ ಹಾಕುವುದು ಮಾತ್ರ ಅವರಿಗೆ ಮರೆತುಹೋಗುತ್ತದೆ. ಕರೆಂಟ್ ಇಲ್ಲ ಅನ್ನುವ ಮೆಸೇಜ್ ನೋಡಿ ಮರುದಿನ ಬೆಳಿಗ್ಗೆ ನಾನು ಫೋನ್ ಮಾಡುತ್ತೇನೆ: "ಅಮ್ಮ, ಕರೆಂಟ್ ಉಂಟಾ?" ಆಚೆಯಿಂದ ಒಂದು ಕ್ಷಣ ಮೌನ. "ಅಯ್ಯೋ, ಪ್ಲಗ್ಗು!"