ಹೊಸ ಟಾರ್ ಆರೇ ತಿಂಗಳಿಗೆ ಕಿತ್ತು ಬಂತಾ? ರೋಡಿನ ಫೈಲ್ ಕೇಳಿ, ಹೀಗೆ

ಬೆಂಗಳೂರಲ್ಲಿ ಗುಂಡಿ ಬಿದ್ರೆ ನಾವೆಲ್ಲ ಮಾಡೋದು ಒಂದೇ, ಫೋಟೋ ತೆಗೆದು ಎಕ್ಸ್‌ನಲ್ಲಿ ಹಾಕಿ ನಾಲ್ಕು ಜನರನ್ನ ಟ್ಯಾಗ್ ಮಾಡೋದು. ಗಲಾಟೆ ಜಾಸ್ತಿ ಆದ್ರೆ ರಾತ್ರಿ ಯಾರೋ ಬಂದು ಒಂದು ಬಾಂಡ್ಲಿ ಜಲ್ಲಿ ಸುರಿದು ಹೋಗ್ತಾರೆ, ಮುಂದಿನ ಮಳೆಗೆ ಅದು ಮೋರಿ ಸೇರುತ್ತೆ. ಆದ್ರೆ ಆ ರೋಡ್ ಹಾಕಿದ ಕಂಟ್ರಾಕ್ಟರ್‌ಗೆ ಡಿಎಲ್‌ಪಿ ಅಂತ ಒಂದು ಅವಧಿ ಇರುತ್ತೆ, ಡಿಫೆಕ್ಟ್ ಲಯಬಿಲಿಟಿ ಪೀರಿಯಡ್, ಅಷ್ಟರೊಳಗೆ ರೋಡ್ ಹಾಳಾದ್ರೆ ಅವರೇ ಸ್ವಂತ ಖರ್ಚಲ್ಲಿ ಸರಿ ಮಾಡ್ಕೊಡ್ಬೇಕು. ಎಷ್ಟು ವರ್ಷ ಅನ್ನೋದು ಕರಾರಲ್ಲೇ ಬರೆದಿರುತ್ತೆ. ಆ ಕರಾರು ಬೀದಿಯವರು ಯಾರೂ ನೋಡಿರಲ್ಲ, ಅಲ್ಲೇ ಇರೋದು ಸಮಸ್ಯೆ. ಅದನ್ನ ಮಾಹಿತಿ ಹಕ್ಕು ಕಾಯ್ದೆ (ಆರ್‌ಟಿಐ) ಅಡಿ ಅರ್ಜಿ ಹಾಕಿ ತರಿಸ್ಕೋಬಹುದು.

ಮೊದಲು ಒಂದು ಮಾಮೂಲಿ ಕಂಪ್ಲೇಂಟ್ ಕೊಡಿ, 1533ಗೆ ಫೋನ್ ಮಾಡಿದ್ರೂ ಆಯ್ತು. ಏನೂ ಆಗಲ್ಲ ಅಂತ ಗೊತ್ತಿದ್ರೂ ಕೊಡಿ, ಆ ಕಂಪ್ಲೇಂಟ್ ನಂಬರ್ ಆಮೇಲೆ ಬೇಕಾಗುತ್ತೆ. ಫೋಟೋದಲ್ಲಿ ಗುಂಡಿ ಮಾತ್ರ ಬೇಡ, ಪಕ್ಕದ ಅಂಗಡಿ ಬೋರ್ಡೋ ಕರೆಂಟ್ ಕಂಬದ ನಂಬರೋ ಕಾಣ್ಲಿ, ಇಲ್ಲಾಂದ್ರೆ ಎಲ್ಲಾ ಗುಂಡಿನೂ ಒಂದೇ ಥರ ಕಾಣುತ್ತೆ.

ಇನ್ನು ರೋಡ್ ಯಾರದ್ದು ಅನ್ನೋ ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆ ಬಂತು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಇವೆಲ್ಲದರ ಮೇಲೆ ಜಿಬಿಎ, ಅಂದ್ರೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಕ್ರಾಸ್ ರೋಡ್‌ಗಳು ಪಾಲಿಕೆ ವಾರ್ಡ್ ಇಂಜಿನಿಯರ್‌ಗಳ ಕೈಲಿರುತ್ತೆ, ತುಮಕೂರು ರೋಡ್ ಥರದ್ದು ಹೆದ್ದಾರಿ ಪ್ರಾಧಿಕಾರದ್ದು. ತಪ್ಪು ಆಫೀಸಿಗೆ ಹೋಯ್ತು ಅಂತ ಹೆದರಬೇಡಿ. ಮಾಹಿತಿ ಹಕ್ಕು ಕಾಯ್ದೆಯ 6(3) ಪ್ರಕಾರ ಅರ್ಜಿ ತಗೊಂಡವರೇ ಐದು ದಿನದೊಳಗೆ ಸರಿಯಾದ ಕಡೆ ಕಳಿಸ್ಬೇಕು, ಹಾಗಾಗಿ "ಆ ಹಳೇ ಫೈಲು ನಮ್ಮ ಹತ್ರ ಇಲ್ಲ" ಅಂದ್ರೆ ಈ ಸೆಕ್ಷನ್ ನೆನಪಿಸಿ.

ಈಗ ಅರ್ಜಿ. ಅಸಲಿ ಕೆಲಸ ಇಲ್ಲೇ ಇರೋದು, ಮುಕ್ಕಾಲು ಅರ್ಜಿ ಹಾಳಾಗೋದೂ ಇಲ್ಲೇ. ಜನ ಸಿಟ್ಟಲ್ಲಿ "ರಸ್ತೆ ಯಾಕೆ ಕಳಪೆಯಾಗಿದೆ, ಯಾರು ಹೊಣೆ?" ಅಂತ ಬರೀತಾರೆ. ಈ "ಯಾಕೆ"ಗೆ ಉತ್ತರ ಕೊಡೋ ಬಾಧ್ಯತೆ ಅವರಿಗಿಲ್ಲ, ಫೈಲಲ್ಲಿ ಇರೋ ಕಾಗದ ಕೊಡೋ ಬಾಧ್ಯತೆ ಮಾತ್ರ ಇದೆ. ಅದಕ್ಕೇ ಕಾಗದಾನೇ ಹೆಸರು ಹಿಡಿದು ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ ಇರ್ಬೇಕು, ಜಾಸ್ತಿ ಆದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಹೀಗೆ ಬರೀಬಹುದು (ಜಾಬ್ ನಂಬರ್ ಅಂದ್ರೆ ಆ ಕಾಮಗಾರಿಯ ಗುರುತಿನ ನಂಬರ್):

"ಇಂಥ ವಾರ್ಡಿನ ಇಂಥ ಕ್ರಾಸ್ ರಸ್ತೆಗೆ 2022ರ ಏಪ್ರಿಲ್‌ನಿಂದ ಇಂದಿನವರೆಗೆ ಆಗಿರುವ ಡಾಂಬರು ಕಾಮಗಾರಿಗಳ ಜಾಬ್ ನಂಬರ್, ಕಾರ್ಯಾದೇಶ, ಕರಾರು ಪತ್ರ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್, ಡಿಎಲ್‌ಪಿ ಮುಗಿಯುವ ದಿನಾಂಕವಿರುವ ದಾಖಲೆ ಮತ್ತು ಇದೇ ರಸ್ತೆಗೆ ನೀಡಿರುವ ರಸ್ತೆ ಅಗೆತದ ಅನುಮತಿಗಳ ದೃಢೀಕೃತ ಪ್ರತಿ ಕೊಡಿ."

ಕೊನೇದನ್ನ ಮಾತ್ರ ಬಿಡಬೇಡಿ. ನಾಳೆ ಕಂಟ್ರಾಕ್ಟರ್ ಹೇಳೋ ಮೊದಲ ಮಾತೇ "ಜಲಮಂಡಳಿಯವ್ರು ಅಗೆದ್ರು, ಕೇಬಲ್‌ನವ್ರು ಅಗೆದ್ರು, ನಾನೇನ್ಮಾಡ್ಲಿ" ಅಂತ. ಅಗೆತದ ಅನುಮತಿ ಎಲ್ಲಿಂದ ಎಲ್ಲಿವರೆಗೆ ಅಂತ ನಿಮ್ಮ ಕೈಲಿದ್ರೆ ಆ ಮಾತು ಎಷ್ಟು ನಿಜ ಅಂತ ಅಲ್ಲೇ ತಿಳಿಯುತ್ತೆ.

ಮೇಲ್ಗಡೆ "ಸಾರ್ವಜನಿಕ ಮಾಹಿತಿ ಅಧಿಕಾರಿ" ಅಂತ ಬರೆದು ನಿಮ್ಮ ಉಪವಿಭಾಗದ ಆಫೀಸ್ ವಿಳಾಸ ಹಾಕಿ, ಸಾಮಾನ್ಯವಾಗಿ ಅಲ್ಲಿನ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಇಲ್ಲಾ ಇಇ (ಕಾರ್ಯಪಾಲಕ ಇಂಜಿನಿಯರ್) ಆಗಿರ್ತಾರೆ. ಫೀಸು 10 ರೂಪಾಯಿ, ಪೋಸ್ಟಾಫೀಸಲ್ಲಿ ಪೋಸ್ಟಲ್ ಆರ್ಡರ್ ತಗೊಂಡು ಸ್ಪೀಡ್ ಪೋಸ್ಟ್ ಮಾಡಿ, ರಾಜ್ಯದ ಆರ್‌ಟಿಐ ಆನ್‌ಲೈನ್ ಪೋರ್ಟಲ್ಲೂ ಇದೆ. ಬಿಪಿಎಲ್ ಕಾರ್ಡ್ ಇದ್ರೆ ಫೀಸಿಲ್ಲ. ಯಾಕೆ ಕೇಳ್ತಿದೀರ ಅಂತ ಕಾರಣ ಬರೀಬೇಕಾಗಿಲ್ಲ, ಯಾರಾದ್ರೂ ಕೇಳಿದ್ರೂ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ. ಅರ್ಜಿ ಕೊಟ್ಟ ಮೇಲೆ "ಏನ್ ಸಾರ್ ಪ್ರಾಬ್ಲಮ್ಮು, ಬನ್ನಿ ಕೂತ್ಕೊಂಡು ಮಾತಾಡೋಣ" ಅಂತ ಗೊತ್ತಿಲ್ಲದ ನಂಬರಿಂದ ಫೋನ್ ಬರಬಹುದು. ಅದಕ್ಕೇ ಒಬ್ಬರೇ ಹಾಕೋ ಬದಲು ಬೀದಿಯ ಮೂರ್ನಾಲ್ಕು ಮನೆಯವರು ಬೇರೆ ಬೇರೆಯಾಗಿ ಹಾಕೋದು ಒಳ್ಳೇದು, ಸಂಪರ್ಕಕ್ಕೆ ಬೇಕಾದ ವಿಳಾಸ ಕೊಟ್ರೆ ಸಾಕು, ಮೊಬೈಲ್ ನಂಬರ್ ಯಾಕೆ ಕೊಡ್ತೀರ.

30 ದಿನದೊಳಗೆ ಉತ್ತರ ಬರ್ಬೇಕು. ಪುಟಕ್ಕೆ 2 ರೂಪಾಯಿ ಥರ ಕಟ್ಟಿ ಅಂತ ಲೆಟರ್ ಬರುತ್ತೆ, ಗಡುವು ದಾಟಿದ್ರೆ ಪ್ರತಿ ಫ್ರೀಯಾಗೇ ಕೊಡ್ಬೇಕು. ಉತ್ತರ ಬರ್ಲಿಲ್ಲ, ಇಲ್ಲಾ ಅರ್ಧಂಬರ್ಧ ಬಂತು ಅಂದ್ರೆ ಇನ್ನೊಂದು 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ ಬಗ್ಗದಿದ್ರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗ ಅಧಿಕಾರಿಗೆ ದಿನಕ್ಕೆ 250ರಂತೆ 25 ಸಾವಿರದವರೆಗೆ ದಂಡ ಹಾಕಬಹುದು, ಆದ್ರೆ ಅಲ್ಲಿ ಕೇಸುಗಳ ರಾಶಿ ಇದೆ, ಬೇಗ ಆಗುತ್ತೆ ಅಂದ್ಕೋಬೇಡಿ. ನನ್ನ ಕೇಳಿದ್ರೆ ಮೊದಲ ಮೇಲ್ಮನವೀನೇ ಗಟ್ಟಿಯಾಗಿ ಬರೀಬೇಕು.

ಕಾಗದ ಕೈಗೆ ಬಂದ್ಮೇಲೆ ನೇರ ಅಳತೆ ಪುಸ್ತಕಕ್ಕೆ ಹೋಗಿ, ಇಂಜಿನಿಯರ್‌ಗಳು ಎಂಬಿ ಅಂತಾರಲ್ಲ ಅದು. ಉದ್ದ, ಅಗಲ, ದಪ್ಪ ಎಲ್ಲಾ ಬರೆದಿರುತ್ತೆ, ಬಿಲ್ ಆಗೋದೂ ಅದರ ಮೇಲೇನೇ. ಭಾನುವಾರ ಬೆಳಿಗ್ಗೆ ನಾಲ್ಕು ಜನ ಟೇಪ್ ಹಿಡಿದು ಬೀದಿ ಅಳೆದ್ರೆ ಉದ್ದ ಅಗಲ ತಾಳೆ ಆಗುತ್ತಾ ನೋಡಬಹುದು. ದಪ್ಪದ ಮೇಲೆ ಅನುಮಾನ ಇದ್ರೆ ಇನ್ನೊಂದು ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ: ಕಾಮಗಾರಿಯನ್ನೇ ಪರಿಶೀಲಿಸೋಕೆ, ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ತಗೊಳ್ಳೋಕೆ ಕಾಯ್ದೆಯ 2(ಜೆ) ಅವಕಾಶ ಕೊಡುತ್ತೆ.

ಡಿಎಲ್‌ಪಿ ಇನ್ನೂ ಇದೆ ಅಂತ ಗೊತ್ತಾದ್ರೆ ಇಇಗೆ ಒಂದು ಪುಟದ ಪತ್ರ ಬರೀರಿ, ಪಾಲಿಕೆ ಆಯುಕ್ತರಿಗೆ ಕಾಪಿ: ಜಾಬ್ ನಂಬರ್, ಡಿಎಲ್‌ಪಿ ಮುಗಿಯೋ ದಿನ, ಫೋಟೋ, ಕಂಪ್ಲೇಂಟ್ ನಂಬರ್, ಬೀದಿಯವರ ಸೈನ್. ಕಂಟ್ರಾಕ್ಟರ್ ಖರ್ಚಲ್ಲೇ ಮಾಡಿಸಿ, ಪಾಲಿಕೆ ದುಡ್ಡಲ್ಲಿ ತೇಪೆ ಹಾಕ್ಬೇಡಿ ಅಂತ ಸ್ಪಷ್ಟವಾಗಿ ಬರೀರಿ. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗೋ ದಾರೀನೇ ಇರ್ಲಿಲ್ಲ, ಅದಕ್ಕೇ ಇಂಥ ಕಾಗದಕ್ಕೆ ಬೆಲೆ ಜಾಸ್ತಿ ಆಗಿದ್ದು.

ಡಿಎಲ್‌ಪಿ ಮುಗಿದೇ ಹೋಗಿದ್ರೆ? ಹಳೇ ಕಂಟ್ರಾಕ್ಟರ್‌ನ ಬಿಟ್ಟು ಮುಂದಿನ ಟೆಂಡರ್ ಕಾಯಿರಿ. ರಾಜ್ಯದ ಖರೀದಿ ಪೋರ್ಟಲ್ ಕೆಪಿಪಿಪಿಯಲ್ಲಿ ನಿಮ್ಮ ವಾರ್ಡ್ ಹೆಸರು ಹಾಕಿ ಆಗಾಗ ಹುಡುಕ್ತಾ ಇರಿ, ಟೆಂಡರ್ ಬಂದ ದಿನಾನೇ ದಾಖಲೆ ಇಳಿಸಿಟ್ಕೊಳ್ಳಿ. ಟಾರ್ ಲಾರಿ ಬಂದಾಗ ದಪ್ಪ ಎಷ್ಟು ಹಾಕ್ಬೇಕು ಅಂತ ಮೇಸ್ತ್ರಿನ ಕೇಳೋ ಬದಲು ನೀವೇ ಹೇಳಬಹುದು.