ಟ್ಯಾಬ್ ಸಾಕಾ, ಕಂಪ್ಯೂಟರೇ ಬೇಕಾ?

ಮಂಡ್ಯದ ಗೆಳೆಯರೇ, ಕಂಪ್ಯೂಟರ್ ಬದಲು ಟ್ಯಾಬ್ ತಗೊಳ್ಳೋಣ ಅಂತ ಯೋಚಿಸುತ್ತಿದ್ದೀರಾ? ಮಕ್ಕಳ ಪಾಠ, ಮೇಲ್, ಪಹಣಿ ನೋಡುವುದು, ಕರೆಂಟ್ ಬಿಲ್ ಕಟ್ಟುವುದು ಇಷ್ಟೇ ಆದರೆ ಟ್ಯಾಬ್ ಧಾರಾಳವಾಗಿ ಸಾಕು.

ತೊಡಕು ಇರುವುದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫೈಲ್‌ಗಳಲ್ಲಿ. ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರವನ್ನು ಟ್ಯಾಬ್‌ನಲ್ಲಿ ತೆರೆದರೆ, ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಹಾಗಾಗಿ ಪತ್ರ ಬರಹಗಾರರು, ಡಿಟಿಪಿ ಮಾಡುವವರು ದಯವಿಟ್ಟು ಆತುರಪಡಬೇಡಿ. ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬಳಸುವವರಿಗೂ ಇದೇ ಮಾತು, ಅದು ವಿಂಡೋಸ್ ಕಂಪ್ಯೂಟರ್‌ಗೆ ಮಾಡಿದ್ದು.

ಜಾಸ್ತಿ ಟೈಪ್ ಮಾಡುವವರು ಬ್ಲೂಟೂತ್ ಕೀಬೋರ್ಡಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ಸುಮ್ನೆ ಸ್ಕ್ರೀನ್ ನೋಡಿ ದುಡ್ಡು ಕೊಡಬೇಡಿ. ನಿಮ್ಮದೇ ನಾಲ್ಕು ಫೈಲ್‌ಗಳನ್ನು ಅಂಗಡಿಗೆ ಒಯ್ದು, ಅಲ್ಲೇ ತೆರೆದು ನೋಡಿ.