ಲಂಗರನ್ನು ಕೊನೆಗೆ ನೋಡಿ

ಕೋಲಾರ ಚಿನ್ನದ ಗಣಿಯ ಬ್ರಿಟಿಷರ ಬಂಗಲೆಯ ಮಾಲು ಎಂದು ಹೇಳಿಕೊಂಡು ರಾಬರ್ಟ್‌ಸನ್‌ಪೇಟೆಯ ನನ್ನ ಹಳೆಯ ಸಾಮಾನಿನ ಅಂಗಡಿಗೆ ಜನ ಏನೇನನ್ನೋ ತರುತ್ತಾರೆ. ಹಣ್ಣಿನ ಆಕಾರದ ಪಿಂಗಾಣಿ ಡಬ್ಬಿಯಾದರೆ, ಬಂದವರೇ ಅದನ್ನು ಬೋರಲು ಹಾಕಿ ಕೆಂಪು ಲಂಗರಿನ ಗುರುತು ತೋರಿಸುತ್ತಾರೆ: “ಚೆಲ್ಸಿ ಮಾಲು ಅಣ್ಣಾ!” ಶ್ರೀನಿವಾಸಪುರದ ಮಂಡಿಯಲ್ಲಿ ಚೀಟಿ ಓದಿ ಮಾವು ಕೊಳ್ಳುವವರುಂಟೇ? ನಕಲು ಮಾಡುವವನು ಮೊದಲು ಕಲಿಯುವುದೇ ಆ ಲಂಗರನ್ನು.

ಲಂಡನ್ನಿನ ಚೆಲ್ಸಿ ಪಿಂಗಾಣಿ ಕಾರ್ಖಾನೆಯನ್ನು ನಡೆಸಿದ ನಿಕೊಲಾಸ್ ಸ್ಪ್ರಿಮೊಂ ಮೂಲತಃ ಬೆಳ್ಳಿ ಕೆಲಸಗಾರ. ಸುಮಾರು 1752ರಿಂದ 1756ರವರೆಗೆ ಅಲ್ಲಿ ಕೆಂಪು ಲಂಗರು ಹಾಕುತ್ತಿದ್ದರು. ಕರಬೂಜ, ನಿಂಬೆ, ಸೇಬಿನ ಆಕಾರದ ಮುಚ್ಚಳದ ಪಾತ್ರೆಗಳು ಬಂದದ್ದು ಆಗಲೇ.

ಪಾತ್ರೆ ಅಸಲಿಯೇ ಎಂದು ತಿಳಿಯಲು ಮೊದಲು ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪಾತ್ರೆಯ ಒಳಗಿಟ್ಟು, ಬಣ್ಣ ತೆಳುವಾಗಿರುವ ಕಡೆ ಹೊರಗಿನಿಂದ ನೋಡಿ. ಸುತ್ತಲಿಗಿಂತ ಬೆಳ್ಳಗಿನ ದುಂಡು ಚುಕ್ಕೆಗಳು ಕಂಡರೆ ಒಳ್ಳೆಯ ಸೂಚನೆ. ಮಣ್ಣಿನಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳವು. ಸಂಗ್ರಾಹಕರು ಅವನ್ನು ಚಂದ್ರ ಎನ್ನುತ್ತಾರೆ. ಕಾಣಿಸದಿದ್ದರೆ ಅಷ್ಟಕ್ಕೇ ಕೈಬಿಡಬೇಡಿ.

ಚೆಕ್ಕೆ ಎದ್ದ ಜಾಗವಿದ್ದರೆ ಭೂತಕನ್ನಡಿ ಹಿಡಿಯಿರಿ. ಚೆಲ್ಸಿಯದು ಕಡಿಮೆ ಶಾಖದಲ್ಲಿ ಸುಟ್ಟ ಮೆದು ಪಿಂಗಾಣಿ, ಒಡೆದ ಕಡೆ ತರಿತರಿಯಾಗಿರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಸ್ಯಾಮ್ಸನ್ ಸಂಸ್ಥೆ ಮಾಡಿದ ನಕಲುಗಳು ಬಹುಪಾಲು ಗಟ್ಟಿ ಪಿಂಗಾಣಿ. ಒಡೆದ ಅಂಚು ಗಾಜಿನ ಹಾಗೆ ನುಣುಪು. ಅರದಿಂದ ಉಜ್ಜಿ ಪರೀಕ್ಷಿಸೋಣ ಎನ್ನುವವರ ಕೈಗೆ ಪಾತ್ರೆ ಕೊಡಲೇಬೇಡಿ.

ಈಗ ಬೋರಲು ಹಾಕಿ. ಸುಡುವಾಗ ಪಾತ್ರೆಯನ್ನು ಆನಿಸಿದ್ದ ಮೊನೆಗಳ ಮೂರು ಸಣ್ಣ ಗಾಯಗಳಿವೆಯೇ? ಇದ್ದರೆ ಅದೂ ಒಳ್ಳೆಯ ಸೂಚನೆ. ಲಂಗರು ಅರ್ಧ ಸೆಂಟಿಮೀಟರಿನಷ್ಟೇ ಇದ್ದು, ಹುಡುಕಿದರೆ ಮಾತ್ರ ಸಿಗುವಂತಿರಬೇಕು. ಢಾಳಾಗಿ ಎದ್ದು ಕಾಣುವ ದೊಡ್ಡ ಲಂಗರು ನನಗಂತೂ ಅನುಮಾನ. ಲಂಗರಿನ ಪಕ್ಕ ಕೆಂಪು ಅಂಕಿ ಇದ್ದರೆ ಮುಚ್ಚಳದ ಒಳಗೂ ಅದೇ ಅಂಕಿ ಹುಡುಕಿ. ಬೇರೆ ಅಂಕಿಯಿದ್ದರೆ ಎರಡು ಪಾತ್ರೆಗಳನ್ನು ಸೇರಿಸಿ ಒಂದು ಮಾಡಿದ್ದಾರೆ, ಬೆಲೆ ಇಳಿಸಿ.

ತೊಟ್ಟು ಮತ್ತು ಎಲೆ ಮೊದಲು ಮುರಿಯುವ ಭಾಗಗಳು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬಿಟ್ಟರೆ, ಹೊಸದಾಗಿ ಅಂಟಿಸಿ ಬಣ್ಣ ಬಳಿದ ಜಾಗ ಸಾಮಾನ್ಯವಾಗಿ ಬೇರೆಯಾಗಿ ಹೊಳೆಯುತ್ತದೆ.

ಲಂಗರೇ ಇಲ್ಲದ ಕರಬೂಜವನ್ನೂ ಗುಜರಿಗೆ ಹಾಕಬೇಡಿ. ಸ್ಟಾಫರ್ಡ್‌ಶೈರಿನ ಲಾಂಗ್ಟನ್ ಹಾಲ್ ಕಾರ್ಖಾನೆ 1760ರಲ್ಲಿ ಮುಚ್ಚುವ ಮೊದಲು ಎಲೆ, ಹಣ್ಣುಗಳ ಆಕಾರದಲ್ಲಿ ಬಹಳಷ್ಟು ಪಾತ್ರೆಗಳನ್ನು ಮಾಡಿತ್ತು. ಹೆಚ್ಚಿನವಕ್ಕೆ ಗುರುತೇ ಇಲ್ಲ. ಅಂಥದ್ದು ಸಿಕ್ಕರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮುಚ್ಚಳವನ್ನು ತೊಟ್ಟು ಹಿಡಿದು ಎತ್ತದೆ ಮೈ ಹಿಡಿದು ಎತ್ತಿ, ಬೇರೆಯಾಗಿ ಸುತ್ತಿ ತನ್ನಿ.